ಎಳ್ಳಷ್ಟು ಅನುಮಾನ

೧.

ಹೇಗೆ ಶುರು ಮಾಡಬೇಕು ಅನ್ನುವುದೇ ಇನ್ನೂ ತೀರ್ಮಾನವಾಗಿಲ್ಲ. ನೀವಾಗಲೇ ಬಂದು ಕೂತಿದ್ದೀರಿ, ನಾನಿನ್ನೂ ಚಾಪೆ ಹಾಸುತ್ತಿದ್ದೇನೆ. ಸ್ವಲ್ಪ ಸಹಿಸಿಕೊಳ್ಳಿ.

ನನ್ನ ಪ್ರಕಾರ ಕಥೆ ಬಟ್ಟಲಿನಿಂದ ಶುರುವಾಗಬೇಕು. ಗುರುವಾರ ಬೆಳಿಗ್ಗೆ ಹತ್ತು ಗಂಟೆ. ಬಿಳಿ ಗೋಡೆಯ ಕೋಣೆ. ಮೇಜಿನ ಮೇಲೆ ಕಾಗದದ ಪುಟ್ಟ ಬಟ್ಟಲು, ಅದರಲ್ಲಿ ಬೇಯಿಸಿ ಅರೆದ ಸೇಬು, ಸೇಬಿನೊಳಗೆ ಕಣ್ಣಿಗೆ ಕಾಣದಷ್ಟು ಪುಡಿ. ಎದುರಿಗೆ ನಾನು.

ಅಕ್ಕ ಒಪ್ಪುವುದಿಲ್ಲ. “ಬಟ್ಟಲು ಆಮೇಲೆ ಬಂದಿದ್ದು ಕಣೋ. ಮೊದಲು ಬಂದಿದ್ದು ಗೆರೆ. ನಿನಗೆ ಯಾವಾಗ್ಲೂ ಎಲ್ಲಾ ನಿನ್ನಿಂದಲೇ ಶುರುವಾಗಬೇಕು.”

ಅಕ್ಕ ಒಂದು ಸಂಶೋಧನಾ ಸಂಸ್ಥೆಯಲ್ಲಿ ಹನ್ನೊಂದು ವರ್ಷದಿಂದ ಇದ್ದಾಳೆ. ಅಲರ್ಜಿ ತರುವ ಪ್ರೋಟೀನುಗಳನ್ನು ಬಿಡಿಸಿ ನೋಡುವುದು ಅವಳ ಕೆಲಸ. ನಾನು ಒಂದು ಪ್ರಕಾಶನದಲ್ಲಿ ಬೇರೆಯವರ ಪುಸ್ತಕಗಳ ಕರಡು ತಿದ್ದುವವನು. ಇಬ್ಬರೂ ಹೊಟ್ಟೆ ಹೊರೆಯುವುದು ಸಣ್ಣ ತಪ್ಪು ಹುಡುಕಿಯೇ. ಈ ಕಥೆಯ ಒಂದೊಂದು ಹಾಳೆಯನ್ನೂ ಅವಳು ಪೆನ್ಸಿಲ್ ಹಿಡಿದು ಓದುತ್ತಿದ್ದಾಳೆ, ಮೂರು ವಾರದಿಂದ. ಮೊದಲ ಕರಡು ಹೀಗಿತ್ತು:

“ಅದೊಂದು ಮಬ್ಬುಗತ್ತಲಿನ ಪ್ರಯೋಗಾಲಯ. ಗಾಜಿನ ಬುರುಡೆಗಳಲ್ಲಿ ಹಸಿರು ದ್ರವ ಕುದಿಯುತ್ತಿತ್ತು...”

(ಪಕ್ಕದಲ್ಲಿ ಪೆನ್ಸಿಲ್: ‘ನಮ್ಮಲ್ಲಿ ಏನೂ ಕುದಿಯಲ್ಲ. ಕತ್ತಲೆ ಇಲ್ಲ, ಟ್ಯೂಬ್‌ಲೈಟ್ ಇದೆ. ಸದ್ದು ಮಾಡೋದು ಫ್ರಿಜ್ ಒಂದೇ. ಸಿನಿಮಾ ನೋಡೋದು ಕಡಿಮೆ ಮಾಡು.’)

ಆ ಕರಡಿಗೆ ಎಳ್ಳುನೀರು ಬಿಟ್ಟೆ. ಈ ಮಾತಿಗೂ ಅಕ್ಕ ನಗಲಿಲ್ಲ. ಯಾಕೆಂದು ಈಗ ಹೇಳುತ್ತೇನೆ.

೨.

ನಮ್ಮ ಭಾಷೆಯಲ್ಲಿ ಎಳ್ಳಷ್ಟು ಅಂದರೆ ಲೆಕ್ಕಕ್ಕೇ ಇಲ್ಲದಷ್ಟು. ನನಗೆ ಎಳ್ಳಷ್ಟು ಅಂದರೆ ಆಸ್ಪತ್ರೆ.

ನನಗಾಗ ಆರು ವರ್ಷ, ಅಕ್ಕನಿಗೆ ಹನ್ನೊಂದು. ಪಕ್ಕದ ಮನೆಯವರು ಕೊಟ್ಟ ಬಿಸ್ಕತ್ತಿನ ಮೇಲೆ ಎಳ್ಳು ಉದುರಿಸಿದ್ದರು. ಮೊದಲು ಕಿವಿ ಕೆಂಪಾಯಿತಂತೆ, ಆಮೇಲೆ ಬೆಕ್ಕಿನ ಹಾಗೆ ಗಂಟಲು ಕೆರೆದುಕೊಳ್ಳಲು ಶುರು ಮಾಡಿದೆನಂತೆ, ಆಮೇಲೆ ಉಸಿರು ಸಿಗದೆ ಗೋಡೆ ಹಿಡಿದುಕೊಂಡೆನಂತೆ. ಇದೆಲ್ಲ ಅಕ್ಕ ಹೇಳಿದ್ದು. ಮನೆಯಲ್ಲಿ ದೊಡ್ಡವರು ಯಾರೂ ಇರಲಿಲ್ಲ. ನನ್ನನ್ನು ಬೆನ್ನಿಗೆ ಹಾಕಿಕೊಂಡು ಎರಡು ಬೀದಿ ಓಡಿದಳು. ವೈದ್ಯರು ನಮ್ಮಪ್ಪನಿಗೆ, “ಇನ್ನೈದು ನಿಮಿಷ ತಡವಾಗಿದ್ದರೆ...” ಅಂದು ವಾಕ್ಯ ಮುಗಿಸದೆ ಬಿಟ್ಟರಂತೆ. ಅಕ್ಕ ಈ ಕೆಲಸಕ್ಕೆ ಹೋದದ್ದು ಆ ಮುಗಿಯದ ವಾಕ್ಯದಿಂದ ಅಂತ ಬರೆಯುವ ಆಸೆ ನನಗೆ.

(ಪೆನ್ಸಿಲ್: ‘ಸುಳ್ಳು. ಸ್ಕಾಲರ್‌ಶಿಪ್ ಸಿಕ್ಕಿತು, ಹೋದೆ.’)

ಮೂವತ್ತೆರಡು ವರ್ಷ ನಾನು ಪೊಟ್ಟಣದ ಹಿಂದಿನ ಸಣ್ಣ ಅಕ್ಷರ ಓದಿಯೇ ಬದುಕಿದ್ದೇನೆ. ಅದು ಅಭ್ಯಾಸವಾಗಿಹೋಗಿತ್ತು. ಅಭ್ಯಾಸವಾಗದೆ ಉಳಿದದ್ದು ಹೋದ ವರ್ಷ ನಡೆದ ಒಂದು ಸಂಗತಿ.

ನನ್ನ ಮಗಳಿಗೆ ಐದು ವರ್ಷ. ಗೆಳತಿಯ ಮನೆಯಲ್ಲಿ ಏನೋ ತಿಂದು ಬಂದು, ಓಡಿ ಬಂದು, ಕೆನ್ನೆಗೆ ಮುತ್ತು ಕೊಟ್ಟಳು. ಕಾಲು ಗಂಟೆಯಲ್ಲಿ ನನ್ನ ಮುಖ ಊದಿ ಒಂದು ಕಣ್ಣು ಮುಚ್ಚಿಹೋಯಿತು. ಅವಳ ಎದುರಿಗೇ ಹೆಂಡತಿ, ಇಂಥ ಹೊತ್ತಿಗೆಂದೇ ಮನೆಯಲ್ಲಿಟ್ಟಿದ್ದ ಔಷಧಿಯ ಸೂಜಿಯನ್ನು ನನ್ನ ತೊಡೆಗೆ ಚುಚ್ಚಿದಳು. ಅವತ್ತಿನಿಂದ ಮಗು ಹೊರಗಿನಿಂದ ಬಂದರೆ ಮೊದಲು ಕೈ ತೊಳೆಯುತ್ತಾಳೆ, ಬಾಯಿ ತೊಳೆಯುತ್ತಾಳೆ, ಬಟ್ಟೆ ಬದಲಿಸುತ್ತಾಳೆ. ಆಮೇಲೆ ಮೂರು ಮಾರು ದೂರ ನಿಂತು, ಬಾಗಿಲು ತಟ್ಟುವ ಹಾಗೆ ಕೇಳುತ್ತಾಳೆ: “ಅಪ್ಪಾ, ಈಗ ಮುಟ್ಟಲಾ?”

(ಇಲ್ಲಿ ಅಕ್ಕ ಏನೂ ಬರೆದಿಲ್ಲ.)

೩.

ಅಕ್ಕನ ಸಂಸ್ಥೆಯವರು ಎಳ್ಳಿನ ಒಂದು ಪುಡಿ ತಯಾರಿಸಿದ್ದರು. ಎಳ್ಳಿನಲ್ಲಿ ಅಲರ್ಜಿ ತರುವ ಪ್ರೋಟೀನುಗಳನ್ನು ತುಂಡು ತುಂಡು ಮಾಡಿ, ನಮ್ಮ ರಕ್ತದ ಕಾವಲುಗಾರರಿಗೆ ಅವು ಗುರುತು ಸಿಗದ ಹಾಗೆ ಮಾಡಿದ್ದಾರೆ ಅನ್ನುವುದು ಲೆಕ್ಕ. ಚೂರು ಚೂರೇ ತಿನ್ನಿಸುತ್ತಾ ಹೋದರೆ ಒಂದು ದಿನ ಕಾವಲುಗಾರರು ನಿಜವಾದ ಎಳ್ಳನ್ನೂ ಕಂಡು ಸುಮ್ಮನಾಗುತ್ತಾರೆ. ಅದಕ್ಕೆ ಸ್ವಯಂಸೇವಕರು ಬೇಕು ಅಂತ ಜಾಹೀರಾತು ಬಂತು. ನಾನು ಹೋದೆ.

ಫಾರಂನ ಎರಡನೇ ಪುಟದಲ್ಲಿ ಒಂದು ಪ್ರಶ್ನೆ: ‘ಈ ಸಂಸ್ಥೆಯಲ್ಲಿ ನಿಮ್ಮ ಸಂಬಂಧಿಕರು ಯಾರಾದರೂ ಕೆಲಸ ಮಾಡುತ್ತಾರೆಯೇ?’ ಹೌದು ಅಂದರೆ ಸೇರಿಸಿಕೊಳ್ಳುವುದಿಲ್ಲ.

‘ಇಲ್ಲ’ ಅನ್ನುವ ಚೌಕಕ್ಕೆ ಗುರುತು ಹಾಕಿದೆ. ಮದುವೆಯಾದ ಮೇಲೆ ಅಕ್ಕನ ಮನೆತನದ ಹೆಸರು ಬದಲಾಗಿತ್ತು, ಅದೂ ಅನುಕೂಲವಾಯಿತು. ಹೆಂಡತಿಗೆ, “ಅಕ್ಕನೇ ಹೇಳಿದ್ದು” ಅಂದೆ. ಅಕ್ಕನಿಗೆ ಏನೂ ಹೇಳಲಿಲ್ಲ. ಸ್ವಯಂಸೇವಕರು ಹೋಗುವುದು ನೆಲಮಹಡಿಗೆ, ಹಿಂದಿನ ಬಾಗಿಲಿನಿಂದ. ಅಕ್ಕ ಇರುವುದು ಮೂರನೇ ಮಹಡಿಯಲ್ಲಿ. ರಕ್ತದ ಶೀಸೆಯ ಮೇಲೆ ಹೆಸರಿರುವುದಿಲ್ಲ, ನಂಬರ್ ಇರುತ್ತದೆ. ನನ್ನ ನಂಬರ್ ಒಂಬತ್ತು.

ಇಲ್ಲಿ ನಿಮಗೆ ನನ್ನ ಮೇಲೆ ಕೋಪ ಬರಬೇಕು. ಬರದಿದ್ದರೆ ನಾನು ಮಗಳ ವಿಷಯ ತೀರಾ ಚೆನ್ನಾಗಿ ಬರೆದುಬಿಟ್ಟಿದ್ದೇನೆ ಅಂತ ಅರ್ಥ. ಅದು ಕಥೆಗಾರನ ಹಳೆಯ ಮಸಲತ್ತು.

೪.

ಈಗ ಗೆರೆ. ಈ ಭಾಗ ಅಕ್ಕ ಹೇಳಿದ್ದು, ನಾನು ಬರೆದುಕೊಂಡದ್ದು.

ಪುಡಿಯ ಪ್ರೋಟೀನನ್ನು ಕರಗಿಸಿ, ಅಂಟಾದ ಜೆಲ್‌ನ ಮೇಲ್ತುದಿಗೆ ಹಾಕಿ ಕರೆಂಟ್ ಹರಿಸಿದರೆ ತುಣುಕುಗಳು ಕೆಳಕ್ಕೆ ಓಡುತ್ತವೆ. ದಪ್ಪನೆಯವು ಮೇಲೇ ಸಿಕ್ಕಿಕೊಳ್ಳುತ್ತವೆ, ಸಣ್ಣವು ತಳ ಸೇರುತ್ತವೆ. ಅದನ್ನು ಒಂದು ಬಿಳಿ ಹಾಳೆಗೆ ಒತ್ತಿ, ಮೇಲೆ ಸ್ವಯಂಸೇವಕರ ರಕ್ತದ ತಿಳಿ ಸುರಿಯುತ್ತಾರೆ. ಯಾರ ರಕ್ತ ಯಾವ ತುಣುಕಿಗೆ ಜೋತುಬೀಳುತ್ತದೋ ಅಲ್ಲಿ ಕಪ್ಪು ಗೆರೆ ಮೂಡುತ್ತದೆ. ಗೆರೆ ಇಲ್ಲದಿದ್ದರೆ ಜಗಳವಿಲ್ಲ.

ಇಪ್ಪತ್ತೆರಡು ಜನರ ಹಾಳೆ ಖಾಲಿ ಬಂತು. ಒಂಬತ್ತನೇ ನಂಬರಿನದರಲ್ಲಿ ಮಾತ್ರ ತೀರಾ ಕೆಳಗೆ, ಕೂದಲೆಳೆಯಷ್ಟು ತೆಳ್ಳಗೆ, ಒಂದು ಗೆರೆ. ಅಕ್ಕ ಅವತ್ತು ಎಂದಿಗಿಂತ ಬಿಗಿಯಾದ ಜೆಲ್ ಮಾಡಿದ್ದಳು. ಮಾಡು ಅಂತ ಯಾರೂ ಹೇಳಿರಲಿಲ್ಲ.

ಮತ್ತೆ ಮಾಡಿದಳು. ಮತ್ತೆ ಬಂತು.

ಅವರ ವಿಭಾಗದ ಮುಖ್ಯಸ್ಥರ ಮುಂದೆ ಎರಡೂ ಹಾಳೆ ಇಟ್ಟಳು. ಅವರು ಕನ್ನಡಕ ಹಣೆಗೇರಿಸಿ ನೋಡಿದರು. “ಇದು ಕಲೆ ಅಮ್ಮಾ. ಸರಿಯಾಗಿ ತೊಳೆದಿಲ್ಲ.”

“ಎರಡು ಸಲಾನೂ ಅದೇ ಜಾಗದಲ್ಲಿ ಕಲೆ ಆಗುತ್ತಾ ಸರ್?”

“ಮಾಮೂಲಿ ಜೆಲ್‌ನಲ್ಲಿ ಮಾಡಿ ತನ್ನಿ.”

ಮಾಡಿದಳು. ಬರಲಿಲ್ಲ.

“ನೋಡಿ.”

“ಮಾಮೂಲಿ ಜೆಲ್ ದೊಡ್ಡ ಕಣ್ಣಿನ ಜರಡಿ ಇದ್ದ ಹಾಗೆ ಸರ್. ಇಷ್ಟು ಸಣ್ಣ ತುಣುಕು ತಳದಿಂದ ಜಾರಿ ಹೋಗಿಬಿಡುತ್ತೆ.”

“ಜಾರಿ ಹೋಯ್ತು ಅಂತ ನೀವು ಹೇಳ್ತೀರಿ. ಇರಲೇ ಇಲ್ಲ ಅಂತ ನಾನು ಹೇಳ್ತೀನಿ. ಕಾಮಾಲೆ ಕಣ್ಣಿಗೆ ಕಾಣೋದೆಲ್ಲ ಹಳದಿ. ಗುರುವಾರ ಶುರು ಮಾಡ್ತಿದ್ದೀವಿ. ಡಾಕ್ಟರ್ ಇರ್ತಾರೆ, ಸೂಜಿ ಇರುತ್ತೆ.”

ನಾನು ಇವರನ್ನು ಖಳನನ್ನಾಗಿ ಮಾಡಿ ಒಂದು ಕರಡು ಬರೆದಿದ್ದೆ, ಚಿನ್ನದ ಉಂಗುರ ಎಲ್ಲ ತೊಡಿಸಿ. ಅಕ್ಕ ಅಡ್ಡಗೆರೆ ಹೊಡೆದಳು. “ಅವರು ಕೆಟ್ಟವರಲ್ಲ ಕಣೋ. ಆರು ವರ್ಷ ಆ ಪುಡಿ ಹಿಂದೆ ಬಿದ್ದು ತಲೆಕೂದಲು ಬೆಳ್ಳಗೆ ಮಾಡ್ಕೊಂಡಿದ್ದಾರೆ. ನಿನ್ನಂಥವರಿಗೋಸ್ಕರಾನೇ. ಅಷ್ಟು ಬೇಕು ಅನ್ನಿಸಿದ್ದನ್ನ ಇಲ್ಲ ಅನ್ನೋಕೆ ಯಾರಿಗಾದರೂ ಕಷ್ಟ.”

“ನಿನಗೆ ಕಷ್ಟ ಆಗಲಿಲ್ವಲ್ಲ?”

“ಆಯ್ತು,” ಅಂದಳು. “ಮೂರನೇ ಹಾಳೆ ಖಾಲಿ ಬಂದಾಗ, ಅಬ್ಬಾ, ಮನೆಗೆ ಹೋಗಬಹುದು ಅನ್ನಿಸಿತು. ಅದನ್ನೂ ಬರಿ.”

ಬರೆದಿದ್ದೇನೆ.

೫.

ಗುರುವಾರ. ಇನ್ನು ಮುಂದೆ ಕಂಸ ಕಡಿಮೆ ಹಾಕುತ್ತೇನೆ. ಉಸಿರು ಕಟ್ಟಿದಾಗ ತಮಾಷೆ ಬರುವುದಿಲ್ಲ.

ಅಕ್ಕ ಬೆಳಿಗ್ಗೆ ಆರಕ್ಕೇ ಹೋಗಿ ನಾಲ್ಕನೇ ಸಲ ಬಿಗಿ ಜೆಲ್ ಓಡಿಸಿದ್ದಳು. ಅದು ಓಡುತ್ತಿದ್ದ ಹೊತ್ತಿಗೆ ನಾನು ಮಗಳಿಗೆ ಬೂಟು ಕಟ್ಟುತ್ತಿದ್ದೆ. ಒಂಬತ್ತೂವರೆಗೆ ನಾನು ಹಿಂದಿನ ಬಾಗಿಲಿನಿಂದ ಒಳಗೆ ಹೋದೆ. ನರ್ಸ್ ನನ್ನ ಬಿ.ಪಿ. ನೋಡಿ, ಮೊಬೈಲ್ ಆಫ್ ಮಾಡಿಸಿ, ಬೆರಳಿಗೆ ರಕ್ತದ ಆಮ್ಲಜನಕ ತೋರಿಸುವ ಯಂತ್ರದ ಕ್ಲಿಪ್ ಸಿಕ್ಕಿಸಿದರು. ಐವತ್ತರ ಆಸುಪಾಸಿನ ಹೆಂಗಸು, ಮಾತು ಕಡಿಮೆ. ಡಾಕ್ಟರ್ ಪಕ್ಕದ ಕೋಣೆಯಲ್ಲಿ ಇನ್ನೊಬ್ಬ ಸ್ವಯಂಸೇವಕನ ಜೊತೆಗಿದ್ದರು. ಎರಡೂ ಕೋಣೆಗೆ ಒಬ್ಬರೇ.

“ಮೊದಲನೇ ಬಟ್ಟಲು ತಿಂದು ಇಪ್ಪತ್ತು ನಿಮಿಷ ಕಾಯಬೇಕು. ಏನೂ ಆಗದಿದ್ದರೆ ಎರಡನೇದು,” ಅಂದರು ನರ್ಸ್. “ತುರಿಕೆ, ಕೆಮ್ಮು, ಹೊಟ್ಟೆನೋವು, ಏನೇ ಆದರೂ ತಕ್ಷಣ ಹೇಳಬೇಕು. ಮುಚ್ಚಿಡಬಾರದು.”

“ಹೇಳ್ತೀನಿ ಸಿಸ್ಟರ್.”

ಹತ್ತು ಗಂಟೆ ಎರಡು ನಿಮಿಷಕ್ಕೆ ಬಟ್ಟಲು ಖಾಲಿ ಮಾಡಿದೆ. ಸೇಬಿನ ರುಚಿ, ಅಷ್ಟೇ. ನರ್ಸ್ ಮೇಜಿನ ಮೇಲಿನ ಟೈಮರ್ ಒತ್ತಿದರು.

ಮೂರನೇ ಮಹಡಿಯಲ್ಲಿ ಹಾಳೆ ನಿಧಾನಕ್ಕೆ ಬಣ್ಣ ಬಿಡುತ್ತಿತ್ತು. ಹತ್ತೂ ಐದಕ್ಕೆ ಗೆರೆ ಬಂತು. ಈ ಸಲ ಕೂದಲೆಳೆಯಲ್ಲ, ಪೆನ್ಸಿಲಿನಲ್ಲಿ ಎಳೆದ ಹಾಗೆ. ಅಕ್ಕ ನೆಲಮಹಡಿಯ ಕಚೇರಿಗೆ ಫೋನ್ ಮಾಡಿದಳು. ಯಾರೂ ಎತ್ತಲಿಲ್ಲ. ಮುಖ್ಯಸ್ಥರಿಗೆ ಮಾಡಿದಳು. “ಮೀಟಿಂಗಲ್ಲಿದ್ದೀನಿ,” ಅಂದರು. ಪ್ರಯೋಗಾಲಯದವರು ಸ್ವಯಂಸೇವಕರ ಮುಖ ನೋಡಬಾರದು ಅನ್ನುವುದು ನಿಯಮ. ಅಕ್ಕ ಕೈಗವಸು ಕೂಡ ಕಳಚದೆ ಮೆಟ್ಟಿಲಿಳಿದಳು.

ಬಾಗಿಲು ದಡಾರನೆ ತೆರೆಯಿತು.

“ಯಾರ್ರೀ ನೀವು? ಇಲ್ಲಿಗೆ ಬರೋ ಹಾಗಿಲ್ಲ.”

“ಮೇಲಿನ ಲ್ಯಾಬಿನಿಂದ. ಒಂಬತ್ತನೇ ನಂಬರಿಗೆ ಕೊಡಬೇಡಿ ಸಿಸ್ಟರ್, ಒಂಬತ್ತಕ್ಕೆ...”

ಕುರ್ಚಿಯ ಕಡೆ ತಿರುಗಿದಳು. ನನ್ನನ್ನು ಕಂಡಳು.

“ಕೊಟ್ಟಾಯ್ತಲ್ಲ ಮೇಡಂ,” ಅಂದರು ನರ್ಸ್. “ಎಂಟು ನಿಮಿಷ ಆಯ್ತು.”

೬.

ಅಕ್ಕ ಕೂಗಾಡಲಿಲ್ಲ. ಗೋಡೆಯ ಪಕ್ಕದ ಸ್ಟೂಲ್ ಎಳೆದುಕೊಂಡು ನನ್ನೆದುರು ಕೂತಳು.

“ಸೂಜಿ ರೆಡಿ ಇದೆಯಾ?”

“ಯಾವಾಗಲೂ ಇರುತ್ತೆ,” ಅಂದರು ನರ್ಸ್, ಸ್ವಲ್ಪ ಬಿಗಿಯಾಗಿ.

ಅವಳ ತಲೆಯಲ್ಲಿ ಆಗ ಏನು ಓಡುತ್ತಿತ್ತು ಅಂತ ಆಮೇಲೆ ಹೇಳಿದಳು. ‘ಇವನು ನನ್ನ ತಮ್ಮ’ ಅಂದರೆ ನಾನು ಸುಳ್ಳುಗಾರ, ಅವಳು ಅನುಮಾನಿತೆ, ಗೆರೆ ಮಣ್ಣುಪಾಲು. ತಮ್ಮನ ರಕ್ತ ಅಂತ ಗೊತ್ತಿದ್ದೇ ಗೆರೆ ಕಂಡಳು ಅನ್ನುತ್ತಾರೆ. ತಮ್ಮ ಅಂತ ಹೇಳದೇ ಇದ್ದರೆ? ಇನ್ನು ಹನ್ನೆರಡು ನಿಮಿಷ ಏನೂ ಆಗದೆ ಕಳೆದರೆ? ಎದ್ದು ಹೋಗಬಹುದು.

ನನ್ನ ಕಣ್ಣಲ್ಲೇ ಕಣ್ಣಿಟ್ಟು ಕೇಳಿದಳು: “ನಿಮಗೆ ಏನಾದರೂ ಆಗ್ತಿದೆಯಾ?”

ನಿಮಗೆ. ಹುಟ್ಟಿದಾಗಿನಿಂದ ಅಕ್ಕ ನನಗೆ ಬಹುವಚನ ಹಚ್ಚಿದವಳಲ್ಲ.

“ಇಲ್ಲ ಮೇಡಂ,” ಅಂದೆ.

(ಕೊಟ್ಟ ಮಾತು ತಪ್ಪಿದೆ, ಒಂದು ಕಂಸ: ಆ ಕೋಣೆಯಲ್ಲಿದ್ದ ಇಬ್ಬರು ಹೆಂಗಸರಲ್ಲಿ ನಾನು ಸಿಸ್ಟರ್ ಅಂದದ್ದು ನನಗೆ ಏನೂ ಆಗಬೇಕಿಲ್ಲದವರನ್ನು. ಒಡಹುಟ್ಟಿದವಳನ್ನು ಮೇಡಂ ಅಂದೆ.)

ಹತ್ತು ನಿಮಿಷ. ಹನ್ನೊಂದು. ಟೈಮರ್‌ನ ಕೆಂಪು ಅಂಕಿ ಬದಲಾಗುವುದನ್ನು ಮೂವರೂ ನೋಡುತ್ತಿದ್ದೆವು. ಪಕ್ಕದ ಕೋಣೆಯಲ್ಲಿ ಡಾಕ್ಟರ್ ಏನೋ ಹೇಳಿ ನಕ್ಕದ್ದು ಕೇಳಿಸಿತು. ಹದಿಮೂರು. ನರ್ಸ್ ಎರಡನೇ ಬಟ್ಟಲಿನ ಮುಚ್ಚಳ ತೆಗೆದು, ಚಮಚ ಪಕ್ಕದಲ್ಲಿಟ್ಟರು.

ಹದಿನಾಲ್ಕನೇ ನಿಮಿಷದಲ್ಲಿ ಗಂಟಲಲ್ಲಿ ಏನೋ ಕಚಗುಳಿ ಇಟ್ಟ ಹಾಗಾಯಿತು. ಮೆಲ್ಲಗೆ ಕೆರೆದುಕೊಂಡೆ, ಬಾಯಿ ಮುಚ್ಚಿಕೊಂಡೇ.

ಅಕ್ಕ ಎದ್ದು ನಿಂತಳು. “ಕಿವಿ ಕೆಂಪಾಗಿದೆ. ಸಿಸ್ಟರ್, ಸೂಜಿ ಕೊಡಿ.”

“ಏನೂ ಇಲ್ಲ ಸಿಸ್ಟರ್,” ಅಂದೆ. “ಸೆಕೆ ಅಷ್ಟೇ.”

ನರ್ಸ್ ಇಬ್ಬರ ಮುಖವನ್ನೂ ನೋಡಿದರು. ಯಂತ್ರದ ಅಂಕಿ ನೋಡಿದರು. ಅದರಲ್ಲಿನ್ನೂ ಏನೂ ಏರುಪೇರಿರಲಿಲ್ಲ. “ಪೇಷಂಟ್ ಇಲ್ಲ ಅಂತಿದ್ದಾರಲ್ಲ ಮೇಡಂ.”

“ಲೋ,” ಅಂದಳು ಅಕ್ಕ. ದನಿ ಒಡೆದಿತ್ತು. “ಬಾಯಿ ತೆಗಿಯೋ. ನಾಲಿಗೆ ತೋರಿಸೋ, ಕತ್ತೆ!”

ಮೂರನೇ ಮಹಡಿಯ ಮೇಡಂ ಒಂಬತ್ತನೇ ನಂಬರಿಗೆ ‘ಲೋ’ ಅಂದಿದ್ದರು.

ನರ್ಸ್ ಕೇಳಿದರು, “ಇವರು ನಿಮಗೇನಾಗಬೇಕು?”

“ನನ್ನ ತಮ್ಮ. ಇವನು ಹೀಗೆ ಗಂಟಲು ಕೆರೆದ ಮೇಲೆ ನಮಗೆ ಹೆಚ್ಚು ಹೊತ್ತು ಇರಲ್ಲ. ಒಮ್ಮೆ ನೋಡಿದ್ದೀನಿ. ಕೊಡಿ.”

ಆ ನರ್ಸ್ ಯಾರನ್ನೂ ಕೇಳಲಿಲ್ಲ. ಪ್ಯಾಂಟಿನ ಮೇಲಿಂದಲೇ ತೊಡೆಗೆ ಚುಚ್ಚಿದರು, ಆಮೇಲೆ ಡಾಕ್ಟರನ್ನು ಕೂಗಿದರು. ಎದೆ ಓಡುವ ಕುದುರೆಯಾಯಿತು. ಅಕ್ಕ ನನ್ನ ತಲೆ ಹಿಡಿದುಕೊಂಡಿದ್ದಳು. ಅವಳ ಕೈಗವಸು ಕೆನ್ನೆಗೆ ಅಂಟುತ್ತಿತ್ತು.

೭.

ಈ ಜಾಗದಲ್ಲಿ ಕಥೆ ಮುಗಿಸಲು ಮೂರು ಸಲ ನೋಡಿದೆ.

ಮೊದಲ ಮುಕ್ತಾಯದಲ್ಲಿ ನಾನು ಸಾಯುತ್ತೇನೆ. (ಪೆನ್ಸಿಲ್: ‘ಹಾಗಾದರೆ ಇದನ್ನ ಬರೀತಿರೋನು ಯಾರು? ಅಪಶಕುನ ನುಡಿಯಬೇಡ.’) ಎರಡನೆಯದರಲ್ಲಿ ಮುಖ್ಯಸ್ಥರು ಓಡಿ ಬಂದು ಅಕ್ಕನ ಕೈಹಿಡಿದು, “ನೀವೇ ಸರಿ” ಅನ್ನುತ್ತಾರೆ. (ಪೆನ್ಸಿಲ್: ‘ಹ್ಹಹ್ಹ.’) ಮೂರನೆಯದರಲ್ಲಿ ಗೆರೆ ನಿಜ ಅಂತ ಸಾಬೀತಾಗಿ ಅಕ್ಕನಿಗೆ ಪ್ರಶಸ್ತಿ ಬರುತ್ತದೆ. ಅದರ ಪಕ್ಕದಲ್ಲಿ ಅವಳು ಏನೂ ಬರೆಯದೆ ಹಾಳೆಯನ್ನೇ ಮಡಚಿ ಕಿಟಕಿ ಸದ್ದಾಗದ ಹಾಗೆ ಸಂದಿಗೆ ಸಿಕ್ಕಿಸಿದಳು.

ನಡೆದದ್ದು ಇದು. ನಾಲ್ಕನೇ ದಿನ ಮುಖ್ಯಸ್ಥರ ಪತ್ರ ಬಂತು. ಒಂಬತ್ತನೇ ನಂಬರಿನವರು ಫಾರಂನಲ್ಲಿ ಸುಳ್ಳು ಹೇಳಿದ್ದರಿಂದ ಅವರು ಅಧ್ಯಯನಕ್ಕೆ ಸೇರಿದವರೇ ಅಲ್ಲ. ಅವರ ರಕ್ತದ, ಅವರ ಗುರುವಾರದ, ಎಲ್ಲ ವಿವರಗಳನ್ನೂ ತೆಗೆದುಹಾಕಲಾಗಿದೆ. ಉಳಿದವರ ಹಾಳೆ ಖಾಲಿ ಇರುವುದರಿಂದ ಪುಡಿ ಕೊಡುವುದನ್ನು ಮುಂದುವರಿಸಬಹುದು.

ಅರ್ಥವಾಯಿತೇ? ಪುಡಿಯಲ್ಲಿ ಏನೋ ಉಳಿದಿದೆ ಅನ್ನುವುದಕ್ಕೆ ಇದ್ದ ಒಂದೇ ಸಾಕ್ಷಿ ನಾನು. ಸಾಕ್ಷಿಯನ್ನು ಅಳಿಸಿಹಾಕುವ ರಬ್ಬರನ್ನು ಅವರ ಕೈಗೆ ಕೊಟ್ಟವನೂ ನಾನೇ. ಅಕ್ಕನ ಕಾರ್ಡಿಗೆ ಮೂರನೇ ಮಹಡಿಯ ಬಾಗಿಲು ತೆರೆಯುವುದು ನಿಂತಿತು.

ಅವಳು ಸಂಸ್ಥೆಯ ನೀತಿ ಸಮಿತಿಗೆ ದೂರು ಬರೆದಳು. “ಇನ್ನು ಇಪ್ಪತ್ತೆರಡು ಜನ ಇದ್ದಾರೆ. ಅದೇ ತುಣುಕಿಗೆ ನಾಳೆ ಅವರಲ್ಲಿ ಯಾರ ರಕ್ತ ಕೆರಳುತ್ತೋ ಗೊತ್ತಿಲ್ಲ. ಅವರ ಪಕ್ಕ ಅಕ್ಕ ಇರಲ್ಲ.” ಸಮಿತಿ ದಿನ ಗೊತ್ತು ಮಾಡಿತು. ನನ್ನ ಹೇಳಿಕೆಯನ್ನೂ ಕೇಳಿತು, ಅರ್ಧ ಪುಟ ಮೀರದಂತೆ. ಅರ್ಧ ಪುಟಕ್ಕೆ ಕೂತವನು ಇಷ್ಟು ಬರೆದೆ.

ಇಲ್ಲಿಯವರೆಗೆ ಅಕ್ಕ ಓದಿದ್ದಾಳೆ. ಮುಂದಿನದನ್ನು ಓದಿಲ್ಲ. ಮುಂದಿನದು ನಿನ್ನೆ ನಡೆದದ್ದು.

೮.

ಉದ್ದನೆ ಮೇಜು, ಐದು ಜನ. ನಡುವೆ ಅಧ್ಯಕ್ಷೆ, ವಯಸ್ಸಾದವರು, ಪ್ರತಿ ಮಾತನ್ನೂ ತಾವೇ ಬರೆದುಕೊಳ್ಳುತ್ತಿದ್ದರು. ಒಂದು ಕಡೆ ಮುಖ್ಯಸ್ಥರು. ಇನ್ನೊಂದು ಕಡೆ ನಾನು, ಅಕ್ಕ.

ಮುಖ್ಯಸ್ಥರು ಚೆನ್ನಾಗಿ ಮಾತಾಡಿದರು. “ಹೆದರಿದರೂ ಕಿವಿ ಕೆಂಪಾಗುತ್ತೆ. ಅಕ್ಕ ಓಡಿ ಬಂದು ‘ಕೊಡಬೇಡಿ’ ಅಂದ ಮೇಲೆ ಯಾರ ಗಂಟಲು ತಾನೇ ಕೆರೆಯಲ್ಲ? ಎಂಟನೇ ನಿಮಿಷಕ್ಕೆ ಅವರು ಬಂದರು, ಹದಿನಾಲ್ಕಕ್ಕೆ ಲಕ್ಷಣ. ಸೂಜಿ ಬೇಗ ಬಿತ್ತು, ಒಳ್ಳೇದೇ ಆಯ್ತು. ಆದರೆ ಬಿಟ್ಟಿದ್ದರೆ ಏನಾಗ್ತಿತ್ತು ಅನ್ನೋದು ಯಾರಿಗೂ ಗೊತ್ತಿಲ್ಲ. ನನ್ನ ಪುಡಿಯಿಂದ ಆಯ್ತಾ, ಇವರ ಮಾತಿನಿಂದ ಆಯ್ತಾ?”

ಅಕ್ಕ ತನ್ನ ಫೈಲ್ ಬಿಚ್ಚಿದಳು. ಹಾಳೆಗಳನ್ನು ಮುಂದಿಟ್ಟಳು. ಅವು ಒಂಬತ್ತನೇ ನಂಬರಿನವು, ಲೆಕ್ಕದಲ್ಲಿ ಇಲ್ಲದವು.

ಅಧ್ಯಕ್ಷೆ ನನ್ನ ಕಡೆ ತಿರುಗಿದರು. “ಮೊದಲು ಏನಾದರೂ ಅನ್ನಿಸಿದ್ದು ಎಷ್ಟನೇ ನಿಮಿಷದಲ್ಲಿ?”

ಓದುಗರೇ, ನಿಮಗೆ ನಾನು ಹದಿನಾಲ್ಕು ಅಂತ ಹೇಳಿದ್ದೇನೆ. ಹೆಂಡತಿಗೂ ಹಾಗೇ ಹೇಳಿದ್ದೆ. ಅಕ್ಕ ಆ ಹಾಳೆಯಲ್ಲಿ ಕಾಮಾ ತಿದ್ದಿದಳೇ ಹೊರತು ಅಂಕಿ ತಿದ್ದಲಿಲ್ಲ, ನಂಬಿದ್ದಳು.

“ಆರು,” ಅಂದೆ.

ಅಧ್ಯಕ್ಷೆಯ ಪೆನ್ನು ನಿಂತಿತು. “ಆರನೇ ನಿಮಿಷದಲ್ಲಿ ನಿಮ್ಮ ಅಕ್ಕ ಕೋಣೆಯಲ್ಲಿದ್ದರಾ?”

“ಇಲ್ಲ. ಬಾಗಿಲು ಮುಚ್ಚಿತ್ತು. ಅವಳು ಬರ್ತಾಳೆ ಅಂತಲೂ ಗೊತ್ತಿರಲಿಲ್ಲ. ಅಂಗೈ ತುರಿಸೋಕೆ ಶುರುವಾಯ್ತು. ಆಮೇಲೆ ತುಟಿ. ಏಳಕ್ಕೆ ಗಂಟಲು.”

“ಹಾಗಾದರೆ ಎಂಟು ನಿಮಿಷ ಸುಮ್ಮನೆ ಕೂತಿದ್ದಿರಾ? ಹೇಳಬೇಕು ಅಂತ ಮೊದಲೇ ತಿಳಿಸಿದ್ದರಲ್ಲ?”

“ತಿಳಿಸಿದ್ದರು. ಕೈ ತೊಡೆ ಕೆಳಗೆ ಇಟ್ಟುಕೊಂಡಿದ್ದೆ.”

“ಯಾಕೆ?”

“ಎರಡನೇ ಬಟ್ಟಲು ಬೇಕಿತ್ತು.”

ಮುಖ್ಯಸ್ಥರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅವರ ಮೇಲೆ ನನಗೆ ಅದೇ ಕ್ಷಣದಲ್ಲಿ ಪ್ರೀತಿ ಉಕ್ಕಿತು ಅಂದರೆ ನಂಬುತ್ತೀರಾ? ಆ ಕೋಣೆಯಲ್ಲಿ ನನ್ನಷ್ಟೇ ಆ ಪುಡಿಯನ್ನು ಬಯಸಿದ್ದ ಇನ್ನೊಬ್ಬರು ಅವರೇ. ಅಕ್ಕನ ಕಡೆ ನೋಡಲು ಧೈರ್ಯ ಬರಲಿಲ್ಲ. ಅವಳ ಉಸಿರು ಮಾತ್ರ ಕೇಳಿಸುತ್ತಿತ್ತು.

ಅಧ್ಯಕ್ಷೆ ಬರೆದು ಮುಗಿಸಿ ಹೇಳಿದರು. ಬೇರೆ ಪ್ರಯೋಗಾಲಯದವರು, ಯಾರ ರಕ್ತ ಅಂತ ತಿಳಿಯದವರು, ಬಿಗಿ ಜೆಲ್‌ನಲ್ಲಿ ಇಪ್ಪತ್ತಮೂರೂ ಜನರದ್ದನ್ನು ಮತ್ತೆ ನೋಡಬೇಕು. ಒಂಬತ್ತನೆಯದೂ ಸೇರಿ. ಅಲ್ಲಿಯವರೆಗೆ ಯಾರಿಗೂ ಪುಡಿ ಕೊಡುವಂತಿಲ್ಲ. ಅಕ್ಕನ ಕೆಲಸದ ವಿಚಾರ ಆಮೇಲೆ. ನನ್ನ ವಿಚಾರ ಏನಿದ್ದರೂ ನನಗೆ ಪತ್ರದಲ್ಲಿ ಬರುತ್ತದೆ.

ಆ ಪ್ರಯೋಗಾಲಯದಲ್ಲಿ ಗೆರೆ ಬರುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಬಂದರೆ ಈ ಪುಡಿಯ ಕಥೆ ಅಲ್ಲಿಗೆ ಮುಗಿಯಿತು. ನನ್ನ ಮನೆಯಲ್ಲಿ ಏನೂ ಬದಲಾಗುವುದಿಲ್ಲ. ಬರದಿದ್ದರೆ ಅಕ್ಕನ ಹನ್ನೊಂದು ವರ್ಷದ ಹೆಸರು ಹೋಯಿತು. ಎರಡರಲ್ಲಿ ಯಾವುದು ಬರಲಿ ಅಂತ ಹಾರೈಸಬೇಕು? ನೀವೇ ಹೇಳಿ ಅನ್ನಬಹುದಿತ್ತು, ಹೀಗೆ ಅಡ್ಡಗೋಡೆಯ ಮೇಲೆ ದೀಪ ಇಟ್ಟು ಎದ್ದುಹೋಗುವುದು ನಮ್ಮ ಜಾತಿಯ ಕಥೆಗಾರರಿಗೆ ಅಭ್ಯಾಸ. ನಾನು ಕೇಳುವುದಿಲ್ಲ. ನಿನ್ನೆಯಷ್ಟು ಮಾತ್ರ ಹೇಳುತ್ತೇನೆ.

ಹೊರಗೆ ಬಂದೆವು. ಅಕ್ಕ ಫೈಲನ್ನು ಎದೆಗವಚಿಕೊಂಡು ಮುಂದೆ ನಡೆದಳು. ಮೆಟ್ಟಿಲ ಹತ್ತಿರ ಒಮ್ಮೆ ನಿಂತು, ತಿರುಗದೆಯೇ, “ಆರನೇ ನಿಮಿಷಾನಾ?” ಅಂದಳು.

“ಹ್ಞೂಂ.”

“ನಾನು ಎದುರಿಗೆ ಕೂತಿದ್ದಾಗ್ಲೂ?”

“ಹ್ಞೂಂ.”

ಅವಳು ಇಳಿಯತೊಡಗಿದಳು. ಒಂದು ಮಹಡಿಯಷ್ಟು ಇಳಿದು ತಿರುವಿನಲ್ಲಿ ಮರೆಯಾದಳು. ಚಪ್ಪಲಿಯ ಸದ್ದು ಕೇಳುತ್ತಿತ್ತು, ಆಮೇಲೆ ಅದೂ ನಿಂತಿತು. ನಾನು ಕಂಬಿ ಹಿಡಿದು ಮೇಲೇ ನಿಂತಿದ್ದೆ. ಕ್ಷಮಿಸು ಅನ್ನುವುದಕ್ಕೆ ಒಂದು ವಾಕ್ಯ ಕಟ್ಟುತ್ತಿದ್ದೆ, ಒಡೆಯುತ್ತಿದ್ದೆ, ಮತ್ತೆ ಕಟ್ಟುತ್ತಿದ್ದೆ. ಎಷ್ಟು ಹೊತ್ತಾಯಿತೋ.

ಕೆಳಗಿನಿಂದ ಅವಳ ದನಿ ಬಂತು, ಅತ್ತಿದ್ದ ದನಿ:

“ಬರ್ತೀಯಾ, ಇಲ್ಲ ಅಲ್ಲೇ ನಿಂತ್ಕೊಂಡು ಅದನ್ನೂ ಬರೀತೀಯಾ?”